ಆಕಾಶಮಾರ್ಗ: ದೂರವೆಷ್ಟು, ಹೊತ್ತೆಷ್ಟು?

ಎರಡು ಊರುಗಳ ನಡುವಣ ದೂರವು ಸೃಷ್ಟಿಕರ್ತನು ಇಟ್ಟದ್ದು. ಅದನ್ನು ಗೇಣಿನಷ್ಟಾದರೂ ಹೆಚ್ಚುಕಡಿಮೆ ಮಾಡುವ ಅಧಿಕಾರವು ಯಾವ ಸರಕಾರಕ್ಕೂ ಇಲ್ಲ. ಆದರೆ ಆ ದೂರವನ್ನು ಕ್ರಮಿಸಲು ತಗಲುವ ಹೊತ್ತು ಮನುಷ್ಯಕೃತವಾದದ್ದು. ಯಂತ್ರಗಳು ಸುಧಾರಿಸಿದಂತೆ ಅದು ಕುಗ್ಗುತ್ತದೆ. ರಾಜ್ಯರಾಜ್ಯಗಳೊಳಗೆ ವೈಮನಸ್ಯವು ಬೆಳೆದಂತೆ ಹಿಗ್ಗುತ್ತದೆ. ಈ ತತ್ತ್ವವನ್ನು ನಾವು ಇಂದು ಬೆಂಗಳೂರು ಮತ್ತು ಅಮೇರಿಕದ ಸ್ಯಾನ್‌ಫ್ರಾನ್ಸಿಸ್ಕೊ ಎಂಬೆರಡು ವಿಮಾನನಿಲ್ದಾಣಗಳ ನಿದರ್ಶನದಿಂದ ವಾಚಕರ ಮುಂದೆ ಇಡಬೇಕೆಂದಿದ್ದೇವೆ. ಕನ್ನಡನಾಡಿನ ಎಷ್ಟೋ ಮನೆಗಳ ಮಕ್ಕಳು ಆ ದೂರದ ಕಡಲತೀರದಲ್ಲಿ ಉದ್ಯೋಗಸ್ಥರಾಗಿ ನೆಲೆಸಿರುವುದರಿಂದ, ನೋಟಕ್ಕೆ ಭೂಗೋಲಶಾಸ್ತ್ರದ್ದಾಗಿ ಕಾಣುವ ಈ ವಿಷಯವು ನಮ್ಮ ಗೃಹಕೃತ್ಯಕ್ಕೆ ತೀರ ಸಮೀಪದ್ದಾಗಿದೆ.

ಮೊದಲು ಅಂಕಿಗಳನ್ನು ನೋಡುವ. ಭೂಮಿಯ ಮೇಲ್ಮೈಯ ಮೇಲೆ ಅತಿ ಹ್ರಸ್ವವಾದ ಮಾರ್ಗವನ್ನು ಹಿಡಿದರೆ ಬೆಂಗಳೂರಿನಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಸುಮಾರು 14,000 ಕಿಲೋಮೀಟರು. ಭೂಮಂಡಲದ ಸುತ್ತಳತೆಯೇ 40,000 ಕಿಲೋಮೀಟರು ಇರುವಲ್ಲಿ, ಇದು ಅದರ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚಾಯಿತು. ದೊಡ್ಡ ಜೆಟ್ ವಿಮಾನವು ತಾಸಿಗೆ ಸುಮಾರು 900 ಕಿಲೋಮೀಟರು ಹಾರುತ್ತದೆಂದು ಹಿಡಿದರೆ ಹದಿನೈದೂವರೆ ತಾಸುಗಳು ಸಾಕಾಗಬೇಕು. ಆದರೆ ಅನುಭವದಲ್ಲಿ ಹೋಗುವಾಗ ಹದಿನಾರು ತಾಸು, ಬರುವಾಗ ಹದಿನೇಳು ತಾಸಿಗೂ ಮಿಕ್ಕಿ ಹಿಡಿಯುತ್ತದೆ. ದೂರವು ಒಂದೇ ಇದ್ದು, ವಿಮಾನವೂ ಒಂದೇ ಇದ್ದು, ಹೊತ್ತು ಮಾತ್ರ ಬೇರೆಬೇರೆಯಾಗುವುದೇಕೆ?

ಶಾಲೆಯಲ್ಲಿ ಗೋಡೆಗೆ ತೂಗುಹಾಕುವ ಚಪ್ಪಟೆ ನಕಾಶೆಯನ್ನು ನಂಬಿದವರಿಗೆ ಈ ಮಾರ್ಗವು ಅರ್ಥವಾಗದು. ಅವರು ಅರಬೀಸಮುದ್ರವನ್ನೂ ಯುರೋಪವನ್ನೂ ಅಟ್ಲಾಂಟಿಕವನ್ನೂ ದಾಟಿ ಪಡುವಲಿಗೆ ಹೋಗಬೇಕೆಂದು ಭಾವಿಸುತ್ತಾರೆ. ನಕಾಶೆಯನ್ನು ಬಿಟ್ಟು ಭೂಗೋಲವನ್ನು ಮುಂದಿಟ್ಟುಕೊಂಡು, ಈ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿದು ಹಿಡಿದು ನೋಡಿರಿ. ಆ ದಾರವು ಬಡಗಣಕ್ಕೆ ಏರಿ, ಹಿಮಾಲಯವನ್ನು ದಾಟಿ, ಚೀನ ಮಂಗೋಲಿಯಗಳ ಮೇಲೆ ಹಾದು, ಸೈಬೀರಿಯದ ಉತ್ತರದ ಅಂಚಿನಲ್ಲಿ 71ನೆಯ ಅಕ್ಷಾಂಶದವರೆಗೂ ಹೋಗಿ, ಬಳಿಕ ಅಲಾಸ್ಕದ ಕಡೆಯಿಂದ ಕೆಳಗಿಳಿಯುತ್ತದೆ. ಎರಡು ಊರುಗಳೂ ರೇಖಾಂಶದಲ್ಲಿ ಹೆಚ್ಚುಕಡಿಮೆ ಪರಸ್ಪರ ಎದುರುಬದಿಗೆ ಇರುವುದೇ ಇದಕ್ಕೆ ಕಾರಣ.

ಆದರೆ ದಾರವು ಹೋಗುವ ಹಾದಿಯಲ್ಲಿ ವಿಮಾನವು ಹೋಗಲಾರದು. ವಿಮಾನದೊಳಗಣ ಗಾಳಿಯ ಒತ್ತಡವು ಅಕಸ್ಮಾತ್ತಾಗಿ ತಪ್ಪಿದರೆ ಸಾರಥಿಯು ತಡಮಾಡದೆ ಸುಮಾರು 10,000 ಅಡಿಗಳ ಎತ್ತರಕ್ಕೆ ಇಳಿಯಬೇಕು. ಇಲ್ಲವಾದರೆ ಉತಾರುಗಳಿಗೆ ಉಸಿರಾಡುವುದು ಕಷ್ಟ. ತಿಬೇಟದ ನೆಲವೇ ಸರಾಸರಿ 14,000 ಅಡಿಗಳಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ಇಳಿಯಲು ಆಸ್ಪದವಿಲ್ಲ. ಆದುದರಿಂದ ವಿಮಾನಗಳು ಆ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ. ಇದು ಪ್ರಕೃತಿಯ ಮೊದಲನೆಯ ತಡೆ. ಎರಡನೆಯದು ಗಾಳಿ. ಉತ್ತರಗೋಲಾರ್ಧದಲ್ಲಿ ಮೇಲಣ ಆಕಾಶದಲ್ಲಿ ಪಡುವಲಿನಿಂದ ಮೂಡಲಿಗೆ ಬಲವಾದ ವಾಯುಪ್ರವಾಹವು ಹರಿಯುತ್ತದೆ. ಅದರೊಡನೆ ಹೋದರೆ ಹೊಳೆಯ ಸೆಳವಿನಲ್ಲಿ ಹರಿಗೋಲು ಬಿಟ್ಟಂತೆ. ಅದರ ಇದಿರು ಹೋದರೆ ಸೆಳವಿಗೆ ಎದುರು ಹುಟ್ಟುಹಾಕಿದಂತೆ. ಮರಳಿ ಬರುವ ವಿಮಾನಕ್ಕೆ ಒಂದೆರಡು ತಾಸು ಹೆಚ್ಚು ಹಿಡಿಯುವ ಗುಟ್ಟು ಇದರಲ್ಲಿದೆ.

2021ರ ಜನವರಿ 9ರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಹೊರಟ ಏರ್ ಇಂಡಿಯಾ ವಿಮಾನವು ಎಲ್ಲಿಯೂ ತಂಗದೆ, ಉತ್ತರಧ್ರುವದ ಮಾರ್ಗವಾಗಿ ಹಾರಿ, ಜನವರಿ 11ರ ಬೆಳಗಿನ ಜಾವಕ್ಕೆ ಬೆಂಗಳೂರಿನಲ್ಲಿ ಇಳಿಯಿತು. ಕ್ಯಾಪ್ಟನ್ ಜೋಯಾ ಅಗ್ರವಾಲರು ಅದರ ಮುಖ್ಯಸಾರಥಿ. ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್ ಇವರು ಸಹಸಾರಥಿಗಳು. ನಾಲ್ವರೂ ಸ್ತ್ರೀಯರು. ಎರಡು ನಗರಗಳಿಗೂ ಚಳಿಗಾಲದಲ್ಲಿ ಹದಿಮೂರೂವರೆ ತಾಸುಗಳ ವ್ಯತ್ಯಾಸವಿರುವುದರಿಂದ ಆ ವಿಮಾನದ ಉತಾರುಗಳಿಗೆ 10ನೆಯ ತಾರೀಖೆಂಬುದು ಆಕಾಶದಲ್ಲಿಯೇ ಕಳೆದುಹೋಯಿತು. ಇತ್ತಣಿಂದ ಹೋಗುವವರ ಗತಿಯು ಇದಕ್ಕೆ ವಿಪರೀತ. ಬೆಂಗಳೂರಿನಿಂದ ಮಧ್ಯಾಹ್ನ 2 ಗಂಟೆಗೆ ಹೊರಟು ಹದಿನಾರು ತಾಸು ಹಾರಿದವನು ಅದೇ ದಿನ ಸಂಜೆ ನಾಲ್ಕೂವರೆಗೆ ಅಲ್ಲಿ ಇಳಿಯುತ್ತಾನೆ. ಗಡಿಯಾರವು ಎರಡೂವರೆ ತಾಸೆಂದರೂ ಅವನ ಕಾಲುಬಾವು ಹದಿನಾರು ತಾಸೆಂದೇ ಸಾಕ್ಷಿ ಹೇಳುವುದು.

ಇಂಥ ಯಾನವು ಎಷ್ಟು ದೊಡ್ಡ ಸಾಹಸವೆಂಬುದನ್ನು ತಿಳಿಯಬೇಕಾದರೆ ಹಿಂದಿನದನ್ನು ನೆನೆಯಬೇಕು. 1932ರ ಅಕ್ಟೋಬರ 15ರಂದು ಜೆ. ಆರ್. ಡಿ. ಟಾಟಾ ಇವರು ಟಪಾಲಿನ ಚೀಲಗಳನ್ನು ಹೊತ್ತು ಕರಾಚಿಯಿಂದ ಅಹಮದಾಬಾದದ ಮೇಲೆ ಮುಂಬಯಿಗೆ ಹಾರಿದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟರು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಹೋದರು. ಹೀಗೆ ದೇಶದ ಆ ಮೊತ್ತಮೊದಲಿನ ಸ್ವಕೀಯ ವಿಮಾನಟಪಾಲಿನ ದಾರಿಯಲ್ಲಿ ಕನ್ನಡದ ಊರೊಂದು ತಂಗುದಾಣವಾಗಿತ್ತೆಂಬುದನ್ನು ನಾವು ಮರೆಯಲಾಗದು. 1947ರ ಡಿಸೆಂಬರದಲ್ಲಿ ಆಸ್ಟ್ರೇಲಿಯದ ಸಿಡ್ನಿಯಿಂದ ಲಂಡನ್ನಿಗೆ ಆರಂಭವಾದ ವಿಮಾನವು ಕಲಕತ್ತೆ ಕರಾಚಿಗಳನ್ನೊಳಗೊಂಡು ಅಲ್ಲಲ್ಲಿ ಇಳಿದು ಏರಿ ನಾಲ್ಕು ದಿನಗಳಲ್ಲಿ ಗುರಿ ಮುಟ್ಟುತ್ತಿತ್ತು. ನಮ್ಮದೇ ಧ್ವಜದ ‘ಮಲಬಾರ ಪ್ರಿನ್ಸೆಸ್’ ವಿಮಾನವು 1948ರ ಜೂನ 8ರಂದು 35 ಜನ ಉತಾರುಗಳೊಡನೆ ಮುಂಬಯಿಯಿಂದ ಲಂಡನ್ನಿಗೆ ಹೊರಟಾಗ ಕೈರೋ ಜಿನೀವಾಗಳಲ್ಲಿ ತಂಗಬೇಕಾಯಿತು. ಈಗ ಸಿಂಗಾಪುರದಿಂದ ನ್ಯೂಯಾರ್ಕಿಗೆ 15,300 ಕಿಲೋಮೀಟರಿಗೂ ಮಿಕ್ಕ ದೂರವನ್ನು ಒಂದೇ ಹಾರಿಕೆಯಲ್ಲಿ, ಹತ್ತೊಂಬತ್ತು ತಾಸುಗಳೊಳಗೆ ಕ್ರಮಿಸುವ ವಿಮಾನಗಳಿವೆ. ಯಂತ್ರವು ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿ ಮುಗಿಸಿದೆ. ಉಳಿದ ತಡೆಗಳು ಮನುಷ್ಯನು ಒಡ್ಡಿದವು.

1944ರಲ್ಲಿ ಶಿಕಾಗೋದಲ್ಲಿ ಆದ ಒಪ್ಪಂದದ ಮೊದಲನೆಯ ಕಲಮಿನ ಪ್ರಕಾರ ಪ್ರತಿಯೊಂದು ರಾಜ್ಯಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಪೂರ್ಣವೂ ಅನನ್ಯವೂ ಆದ ಪ್ರಭುತ್ವವಿದೆ. ಆದ್ದರಿಂದ ಆಕಾಶವು ಕಣ್ಣಿಗೆ ಬಯಲಾಗಿ ಕಂಡರೂ ಕಾಯಿದೆಗೆ ಅದು ಬೇಲಿ ಹಾಕಿದ ಹೊಲ. ಬೇಲಿಯೊಡೆಯನು ದಾರಿಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾಳಿದಾಸನ ಯಕ್ಷನು ಉತ್ತರಕ್ಕೆ ಹೊರಟ ಮೇಘಕ್ಕೆ, ದಾರಿ ಸ್ವಲ್ಪ ಬಳಸಾದರೂ ಉಜ್ಜಯಿನಿಯನ್ನು ನೋಡಿಕೊಂಡು ಹೋಗೆಂದು ಹೇಳಿದನಂತೆ. ಆ ಮೇಘವು ಚೆಲುವನ್ನು ಕಾಣುವುದಕ್ಕಾಗಿ ಬಳಸಿಹೋಯಿತು. ನಮ್ಮ ವಿಮಾನಗಳು ನೆರೆಯವನ ಬಾಗಿಲು ಮುಚ್ಚಿದ್ದರಿಂದ ಬಳಸಿಹೋಗಬೇಕಾಗಿದೆ.

ಇಲ್ಲಿ ನ್ಯಾಯವನ್ನು ಬಿಟ್ಟು ಮಾತನಾಡುವುದು ನಮಗೆ ಸಲ್ಲದು. ಬಾಗಿಲು ಮುಚ್ಚುವ ಕಲೆಯು ನೆರೆಯವರಿಗೊಬ್ಬರಿಗೇ ತಿಳಿದದ್ದಲ್ಲ. 1971ರ ಜನವರಿಯಲ್ಲಿ ನಮ್ಮ ‘ಗಂಗಾ’ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದು ಸುಟ್ಟ ಮೇಲೆ ಭಾರತ ಸರಕಾರವು ಪಾಕಿಸ್ತಾನದ ವಿಮಾನಗಳಿಗೆ ನಮ್ಮ ಆಕಾಶವನ್ನು ಮುಚ್ಚಿತು. ಅವರ ವಿಮಾನಗಳು ಪೂರ್ವಬಂಗಾಲಕ್ಕೆ ಹೋಗಲು ಸಿಂಹಳದ ಮೇಲೆ ಸುತ್ತಬೇಕಾಯಿತು. ಆ ದಾರಿಯು ಮತ್ತೆ ತೆರೆದದ್ದು 1976ರಲ್ಲಿ. 2019ರ ಫೆಬ್ರುವರಿಯಿಂದ ಜುಲೈವರೆಗೆ ಪಾಕಿಸ್ತಾನವು ತನ್ನ ಆಕಾಶವನ್ನು ಮುಚ್ಚಿದಾಗ, ಜುಲೈ 2ರ ವರೆಗೆ ಏರ್ ಇಂಡಿಯಾ ಒಂದಕ್ಕೇ 491 ಕೋಟಿ ರೂಪಾಯಿ ನಷ್ಟವಾಯಿತೆಂದು ಸರಕಾರದವರು ರಾಜ್ಯಸಭೆಯಲ್ಲಿ ತಿಳಿಸಿದರು. 2022ರಲ್ಲಿ ಯುಕ್ರೇನಿನ ಯುದ್ಧದ ತರುವಾಯ ರಶಿಯದ ಆಕಾಶವು ಯುರೋಪದ ಕಂಪನಿಗಳಿಗೆ ಮುಚ್ಚಿದ್ದರಿಂದ, ಹೆಲ್ಸಿಂಕಿಯಿಂದ ಟೋಕಿಯೋಕ್ಕೆ ಒಂಬತ್ತೂವರೆ ತಾಸಿನ ಪ್ರಯಾಣವು ಹದಿಮೂರು ತಾಸಾಯಿತು.

ಪಹಲಗಾಮದ ಘೋರ ಹತ್ಯಾಕಾಂಡದ ಬಳಿಕ 2025ರ ಏಪ್ರಿಲ್ 24ರಂದು ಪಾಕಿಸ್ತಾನವು ಮತ್ತೆ ತನ್ನ ಆಕಾಶವನ್ನು ನಮಗೆ ಮುಚ್ಚಿತು. ಏಪ್ರಿಲ್ 30ರಂದು ನಾವು ನಮ್ಮದನ್ನು ಅವರಿಗೆ ಮುಚ್ಚಿದೆವು. ದಿಲ್ಲಿಯಿಂದ ಅಮೇರಿಕಕ್ಕೆ ಹೋಗುವ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾ, ಕೋಪನ್‌ಹೇಗನ್‌ಗಳಲ್ಲಿ ಇಳಿಯಬೇಕಾಯಿತು. ಇದಕ್ಕಿಂತಲೂ ಮನಸ್ಸಿಗೆ ನಾಟುವ ನಿದರ್ಶನವೆಂದರೆ ತಾಷ್ಕೆಂಟಿನದು. ಲಾಲಬಹಾದೂರ ಶಾಸ್ತ್ರಿಗಳು ಶಾಂತಿಯ ಕರಾರಿಗೆ ಸಹಿ ಮಾಡಿ 1966ರ ಜನವರಿಯಲ್ಲಿ ದೇಹವಿಟ್ಟ ಆ ಊರು ದಿಲ್ಲಿಗೆ ಸುಮಾರು 1,600 ಕಿಲೋಮೀಟರು, ಎಂದರೆ ಬೆಂಗಳೂರಿಗಿಂತಲೂ ಹತ್ತಿರ. ಆದರೂ 2025ರ ಏಪ್ರಿಲಿನ ಕೊನೆಯಲ್ಲಿ ಇಂಡಿಗೋ ಕಂಪನಿಯು ತನ್ನ ವಿಮಾನಗಳು ಬಳಸುದಾರಿಯಲ್ಲಿ ಅಲ್ಲಿಗೆ ಮುಟ್ಟಲಾರವೆಂದು ಆ ಯಾನವನ್ನೇ ನಿಲ್ಲಿಸಿತು. 14,000 ಕಿಲೋಮೀಟರಿನ ಊರಿಗೆ ಹೋಗಬಹುದು, 1,600 ಕಿಲೋಮೀಟರಿನ ಊರಿಗೆ ಹೋಗಲಾಗದು! ದೂರದ ಅಂಕಿಯನ್ನೇ ನಂಬಿ ಕುಳಿತವರು ಇದನ್ನು ವಿಚಾರಿಸಬೇಕು. 1932ರಲ್ಲಿ ನಮ್ಮ ಮೊದಲನೆಯ ಟಪಾಲು ವಿಮಾನವು ಹೊರಟದ್ದು ಕರಾಚಿಯಿಂದಲೇ ಎಂಬುದನ್ನು ನೆನೆದರೆ ದುಃಖವಾಗದೆ ಇರದು.

ಹೊತ್ತು ಹೆಚ್ಚಿದರೆ ಆಗುವುದೇನು? ಬರಿಯ ಬೇಸರವೆಂದು ತಿಳಿಯಕೂಡದು. ಇಂಥ ದೂರಯಾನಕ್ಕೆ ಹೊರಡುವ ವಿಮಾನದ ಒಟ್ಟು ತೂಕದಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಇಂಧನವೇ ಇರುತ್ತದೆ. ಒಂದು ತಾಸು ಹೆಚ್ಚಿಗೆ ಹಾರಬೇಕಾದರೆ ಆ ತಾಸಿನ ಇಂಧನವೂ ಬೇಕು, ಆ ಇಂಧನವನ್ನು ಹೊರುವುದಕ್ಕೆ ಮತ್ತಷ್ಟು ಇಂಧನವೂ ಬೇಕು. ಭಾರ ಮಿತಿಮೀರಿದರೆ ಉತಾರುಗಳನ್ನೋ ಸರಕನ್ನೋ ಕಡಿಮೆಮಾಡಬೇಕು. ಸಾರಥಿಗಳು ಇಷ್ಟೇ ತಾಸು ದುಡಿಯಬೇಕೆಂಬ ನಿಯಮವಿರುವುದರಿಂದ ಹೆಚ್ಚಿನ ಸಾರಥಿಗಳನ್ನು ಒಯ್ಯಬೇಕು. ಇದೆಲ್ಲದರ ಖರ್ಚು ಕಡೆಗೆ ಟಿಕೀಟಿನ ಮೇಲೆ ಬೀಳುತ್ತದೆ. ಖರ್ಚು ಗಿಟ್ಟದಿದ್ದರೆ ಯಾನವೇ ನಿಂತುಹೋಗುತ್ತದೆ.

ನೇರ ಯಾನವು ಇಲ್ಲದಿದ್ದರೆ ಬೇರೆ ದಾರಿಗಳು ಇಲ್ಲವೆ ಎಂದು ಕೆಲವರು ಕೇಳಬಹುದು. ಇವೆ. ದುಬಾಯಿಯ ಮೇಲೆ ಹೋದರೆ ಸುಮಾರು 15,700 ಕಿಲೋಮೀಟರು. ಜರ್ಮನಿಯ ಫ್ರಾಂಕ್‌ಫರ್ಟಿನ ಮೇಲೆ ಹೋದರೆ ಸುಮಾರು 16,500. ದಿಲ್ಲಿಯ ಮೇಲೆ ಹೋದರಂತೂ ನೇರವಾದ ದೂರಕ್ಕಿಂತ ನೂರು ಕಿಲೋಮೀಟರಿನಷ್ಟು ಮಾತ್ರ ಹೆಚ್ಚು. ಏತಕ್ಕೆಂದರೆ ನಾವು ಮೇಲೆ ಹೇಳಿದ ದಾರವು ದಿಲ್ಲಿಯ ಕಡೆಗೇ ಏರುತ್ತದೆ. ಹಾಗಾದರೆ ದಿಲ್ಲಿಯಲ್ಲಿ ವಿಮಾನವನ್ನು ಬದಲಿಸಿದರೆ ನಷ್ಟವೇನೆಂದು ಲೆಕ್ಕಪತ್ರದವರು ವಾದಿಸಬಹುದು. ನೂರು ಕಿಲೋಮೀಟರಿನ ನಷ್ಟವು ವಿಮಾನಕ್ಕೆ ಏಳು ನಿಮಿಷದ್ದು. ಉತಾರುವಿಗಾದರೋ ಅದು ಐದಾರು ತಾಸಿನದು. ಒಂದು ವಿಮಾನದಿಂದ ಇಳಿದು, ಸರದಿಯಲ್ಲಿ ನಿಂತು, ಕಾಗದಪತ್ರಗಳನ್ನು ತೋರಿಸಿ, ಇನ್ನೊಂದಕ್ಕಾಗಿ ಕಾದು ಕುಳಿತು ಏರುವಷ್ಟರಲ್ಲಿ ಅರ್ಧ ದಿನವು ಸವೆಯುತ್ತದೆ. ಮೊದಲನೆಯದು ತಡವಾದರೆ ಎರಡನೆಯದು ತಪ್ಪಿಹೋಗುತ್ತದೆ.

ಈ ತಾಸುಗಳ ಬೆಲೆಯನ್ನು ಯಾರು ಬಲ್ಲರು? ಬಾಗಲಕೋಟೆಯ ಎಪ್ಪತ್ತು ವಯಸ್ಸಿನ ತಾಯಿಯು ಮಗಳ ಬಾಣಂತನಕ್ಕೆಂದು ಹೊರಟಿದ್ದಾಳೆನ್ನಿ. ಆಕೆಗೆ ಕನ್ನಡವಲ್ಲದೆ ಬೇರೆ ಭಾಷೆ ಬಾರದು, ಮೊಣಕಾಲು ನೋವು, ಸಕ್ಕರೆಯ ರೋಗ, ಹೊತ್ತಿಗೆ ಸರಿಯಾಗಿ ಮದ್ದು ಬೇಕು. ಆಕೆಗೆ ಬೆಂಗಳೂರಿನಲ್ಲಿ ಏರಿ ಗುರಿಯಲ್ಲಿಯೇ ಇಳಿಯುವುದಕ್ಕೂ, ಅಪರಿಚಿತವಾದ ಊರಿನಲ್ಲಿ ನಡುರಾತ್ರಿ ಬಾಗಿಲಿನಿಂದ ಬಾಗಿಲಿಗೆ ಅಲೆಯುವುದಕ್ಕೂ ಅಜಗಜಾಂತರವಿದೆ. ಇಲ್ಲವೆ ತಂದೆಯ ಸ್ಥಿತಿ ಕಠಿಣವೆಂದು ಸುದ್ದಿ ತಿಳಿದ ಮಗನನ್ನು ನೆನೆಯಿರಿ. ಹದಿನೇಳು ತಾಸಿನಲ್ಲಿ ಬರುವವನು ತಂದೆಯ ಬಾಯಿಗೆ ನೀರು ಬಿಟ್ಟಾನು. ಮೂವತ್ತು ತಾಸಿನಲ್ಲಿ ಬರುವವನು ಬೂದಿಯನ್ನು ಕಂಡಾನು. ಈ ಅಂತರವು ಯಾವ ಕಂಪನಿಯ ವಾರ್ಷಿಕ ತಖ್ತೆಯಲ್ಲಿಯೂ ಕಾಣುವುದಿಲ್ಲ.

ಇದು ಉಳ್ಳವರ ಪ್ರಶ್ನೆ, ಬಸ್ಸಿಗೂ ಗತಿಯಿಲ್ಲದವರ ನಾಡಿನಲ್ಲಿ ವಿಮಾನದ ಚರ್ಚೆಯೇಕೆ ಎಂದು ಆಕ್ಷೇಪಿಸುವವರೂ ಇದ್ದಾರೆ. ಈ ಆಕ್ಷೇಪದಲ್ಲಿ ತಥ್ಯವಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಹೊಲ ಒತ್ತೆಯಿಟ್ಟು ಮಗನನ್ನು ಓದಿಗೆ ಕಳುಹಿದ ರೈತನೂ, ಸಾಲಮಾಡಿ ಟಿಕೀಟು ಕೊಂಡ ಶಾಲಾಮಾಸ್ತರನೂ ಇದೇ ವಿಮಾನದಲ್ಲಿ ಕುಳಿತಿರುತ್ತಾರೆ. ಅಲ್ಲದೆ ಅವರ ಪ್ರಯಾಣವು ವಿಮಾನದ ಮೆಟ್ಟಿಲಿನಿಂದ ಆರಂಭವಾಗುವುದಿಲ್ಲ. ಮನೆಯ ಹೊಸ್ತಿಲಿನಿಂದ ಆರಂಭವಾಗುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆಯ ಮೇಲೆ 400 ಕಿಲೋಮೀಟರಿಗೂ ಹೆಚ್ಚು. ಒಂದು ರಾತ್ರಿಯ ನಿದ್ದೆಗೇಡು. ಅಲ್ಲಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಇನ್ನೊಂದು ಪ್ರಯಾಣ. 2008ರ ಮೇ ತಿಂಗಳಲ್ಲಿ ಆ ನಿಲ್ದಾಣವು ತೆರೆದು ಹದಿನೈದು ವರ್ಷಗಳು ಕಳೆದರೂ ನಗರದ ಮೆಟ್ರೋ ರೈಲು ಅಲ್ಲಿಗೆ ಮುಟ್ಟಿರಲಿಲ್ಲ. 14,000 ಕಿಲೋಮೀಟರಿಗೆ ಹದಿನಾರು ತಾಸು, 400 ಕಿಲೋಮೀಟರಿಗೆ ಹತ್ತು ತಾಸು ಎಂದರೆ ಆ ಎರಡನೆಯ ಅಂಕಿಗಾಗಿ ನಾಚಬೇಕಾದವರು ನಾವೇ. ಅದಕ್ಕೆ ಯಾವ ಶತ್ರುವೂ ಕಾರಣನಲ್ಲ, ಯಾವ ಹಿಮಾಲಯವೂ ಅಡ್ಡಬಂದಿಲ್ಲ.

ಹಾಗಾದರೆ ಆಗಬೇಕಾದುದೇನು? ರಾಷ್ಟ್ರದ ಮಾನವನ್ನೂ ಪ್ರಜೆಗಳ ಪ್ರಾಣವನ್ನೂ ಕಾಯುವುದಕ್ಕಾಗಿ ಸರಕಾರವು ಕಠಿಣವಾದ ನಿಲುವನ್ನು ತಳೆದರೆ ಅದನ್ನು ನಾವು ಮನಃಪೂರ್ವಕವಾಗಿ ಬೆಂಬಲಿಸುತ್ತೇವೆ. ಆದರೆ ಆ ನಿಲುವಿನ ವೆಚ್ಚವು ರಾಷ್ಟ್ರದ ವೆಚ್ಚವಾಗಬೇಕೇ ಹೊರತು, ಆ ದಿನ ಟಿಕೀಟು ಕೊಂಡವನೊಬ್ಬನ ದಂಡವಾಗಕೂಡದು. ಏರ್ ಇಂಡಿಯಾ 2022ರ ಜನವರಿಯಿಂದ ಮತ್ತೆ ಟಾಟಾ ಮನೆತನದ ಆಡಳಿತಕ್ಕೆ ಬಂದಿದೆ. ವರ್ತಕರು ಲಾಭನಷ್ಟವನ್ನು ನೋಡತಕ್ಕವರೇ. ಅದಕ್ಕಾಗಿ ಅವರನ್ನು ಹಳಿಯುವುದು ವ್ಯರ್ಥ. ರಾಜಕಾರಣದಿಂದ ದಾರಿ ಬಳಸಾದಾಗ ಹೆಚ್ಚುವ ಇಂಧನದ ಖರ್ಚಿನಲ್ಲಿ ಒಂದು ಭಾಗವನ್ನು ಕೇಂದ್ರ ಸರಕಾರವು ಹೊರಲಿ. ಆದರೆ ದಕ್ಷಿಣದ ನೇರ ಯಾನಗಳನ್ನು ಕಡಿದುಹಾಕಿ ಎಲ್ಲವನ್ನೂ ದಿಲ್ಲಿಯಲ್ಲಿಯೇ ಗುಡ್ಡೆಹಾಕುವುದಿಲ್ಲವೆಂದೂ, ದರವನ್ನು ಮನಬಂದಂತೆ ಏರಿಸುವುದಿಲ್ಲವೆಂದೂ ಕಂಪನಿಯಿಂದ ಕರಾರು ಬರೆಯಿಸಿಕೊಳ್ಳಲಿ. ಕರಾರಿಲ್ಲದ ಸಹಾಯವು ತೂತುಕೊಡಕ್ಕೆ ನೀರು ತುಂಬಿದಂತೆ.

ಎರಡನೆಯದಾಗಿ, ಪರಾವಲಂಬನವು ಎಷ್ಟು ಕಡಿಮೆಯಾದರೆ ಅಷ್ಟು ಕ್ಷೇಮ. ನಮ್ಮ ಜನರು ಪಡುವಲಿಗೆ ಹೋಗಲು ದುಬಾಯಿ ದೋಹಾಗಳ ಮೆಟ್ಟಿಲನ್ನು ತುಳಿಯುವುದು ಆ ಊರುಗಳ ಜಾಣತನಕ್ಕೆ ಸಾಕ್ಷಿ. ಅವರು ನೆಲೆಯನ್ನು ಕಟ್ಟಿದರು, ವಿಮಾನಗಳನ್ನು ಕೊಂಡರು. ನಾವು ಉತಾರುಗಳನ್ನು ಒದಗಿಸಿದೆವು. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದ್ದು ಸ್ವಾಗತಾರ್ಹ. ಆದರೆ ಅವೆಲ್ಲವೂ ಅಮೇರಿಕ ಯುರೋಪಗಳ ಕಾರ್ಖಾನೆಗಳಿಂದ ಬರತಕ್ಕವು. 1940ರಲ್ಲಿ ವಾಲಚಂದ ಹಿರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಅದೇ ಊರಿನ ರಾಷ್ಟ್ರೀಯ ಪ್ರಯೋಗಾಲಯದ ‘ಸಾರಸ್’ ವಿಮಾನದ ಪರೀಕ್ಷೆಯಲ್ಲಿ 2009ರ ಮಾರ್ಚಿನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣವನ್ನೇ ತೆತ್ತರು. ಇಂಥ ತ್ಯಾಗವಾದ ನೆಲದಲ್ಲಿ ಉತಾರುಗಳ ದೊಡ್ಡ ವಿಮಾನವನ್ನು ಕಟ್ಟುವ ಸಂಕಲ್ಪವು ಕಾಗದದ ಮೇಲೆಯೇ ಒಣಗಕೂಡದು.

ಮೂರನೆಯದು ನಮ್ಮ ರಾಜ್ಯ ಸರಕಾರದ ಕೈಯಲ್ಲಿರುವುದು. ಬೆಳಗಾವಿ, ಹುಬ್ಬಳ್ಳಿ, ಕಲಬುರ್ಗಿ, ಮಂಗಳೂರುಗಳಿಂದ ಬರುವ ರಾತ್ರಿಯ ರೈಲುಗಳಿಗೆ ದೇವನಹಳ್ಳಿಯ ನಿಲ್ದಾಣದೊಡನೆ ಹೊತ್ತಿಗೆ ಸರಿಯಾದ ಸಂಬಂಧವನ್ನು ಕಲ್ಪಿಸುವಂತೆ ಅದು ರೈಲ್ವೆಯವರನ್ನು ಬಿಡದೆ ಒತ್ತಾಯಿಸಲಿ. ಕನ್ನಡನಾಡಿನಿಂದ ಹೊರಡುವ ಪ್ರತಿಯೊಂದು ದೂರಯಾನದಲ್ಲಿಯೂ ರಕ್ಷಣೆಯ ಸೂಚನೆಗಳು ಕನ್ನಡದಲ್ಲಿ ಇರತಕ್ಕದ್ದು. ಇದನ್ನು ಭಾಷಾಭಿಮಾನದ ಮಾತೆಂದು ತಳ್ಳಿಹಾಕಬಾರದು. ಅಪಾಯದ ಹೊತ್ತಿನಲ್ಲಿ ಯಾವ ಬಾಗಿಲಿನಿಂದ ಹೊರಬೀಳಬೇಕೆಂಬುದು ಮೇಲೆ ಹೇಳಿದ ಆ ತಾಯಿಗೆ ತಿಳಿಯುವ ಮಾತಿನಲ್ಲಿ ಹೇಳದಿದ್ದರೆ ಅದು ಹೇಳಿದಂತೆಯೇ ಅಲ್ಲ.

ಕೊನೆಯದಾಗಿ ಒಂದು ಮಾತು. ಯುದ್ಧವಿರಲಿ ಶಾಂತಿಯಿರಲಿ, ರೋಗಿಗಳನ್ನೂ ವೃದ್ಧರನ್ನೂ ಹೊತ್ತು ನಿರುಪದ್ರವಿಗಳಾಗಿ ಎತ್ತರದಲ್ಲಿ ಹಾದುಹೋಗುವ ವಿಮಾನಗಳಿಗೆ ದಾರಿಯನ್ನು ಬಿಡತಕ್ಕದ್ದೆಂಬ ಧರ್ಮವನ್ನು ಲೋಕದ ರಾಷ್ಟ್ರಗಳು ಒಪ್ಪುವ ಕಾಲವು ಬರಬೇಕು. ಆ ಮಾತನ್ನು ರಾಷ್ಟ್ರಗಳ ಸಭೆಯಲ್ಲಿ ಎತ್ತುವ ಅಧಿಕಾರವು, ಮುಚ್ಚಿದ ಬಾಗಿಲಿನ ಎರಡೂ ಕಡೆಗಳಲ್ಲಿ ನಿಂತು ಬಲ್ಲ ಭಾರತಕ್ಕೆ ಇದೆ. ಅಂಥ ಕಾಲವು ಬರುವವರೆಗೆ ನಮ್ಮ ರೆಕ್ಕೆಗಳನ್ನು ನಾವೇ ಬಲಪಡಿಸಿಕೊಳ್ಳಬೇಕು, ನಮ್ಮ ಊರಿನ ರಸ್ತೆಗಳನ್ನು ನಾವೇ ಸರಿಪಡಿಸಿಕೊಳ್ಳಬೇಕು. ಈ ಎರಡಕ್ಕೂ ನೆರೆಯವರ ಅಪ್ಪಣೆ ಬೇಕಾಗಿಲ್ಲ. ಸರಕಾರದವರೂ ಕಂಪನಿಯವರೂ ಇದನ್ನು ಮನಗಂಡು ಬೇಗನೆ ಕಾರ್ಯೋನ್ಮುಖರಾಗುವರೆಂದು ನಾವು ಆಶಿಸುತ್ತೇವೆ. ಆಗದಿದ್ದಲ್ಲಿ ಮತ್ತೆ ಮತ್ತೆ ಕೇಳುವುದು ವಾಚಕರ ಕರ್ತವ್ಯ, ನಮ್ಮದೂ ಅದೇ.